ಗೋಡೆಯ ತೂತಿನಾಚೆ ಲೋಲಾಕ್ಷಿಯ ಬಾವಿ

ಕಾವಲಿಯ ಮೇಲೆ ಎರಡನೆಯ ದೋಸೆ ಹುಯ್ಯುವಷ್ಟರಲ್ಲಿ ಗೇಟಿನ ಹೊರಗೆ ಹಾರೆಯ ಸದ್ದು ನಿಲ್ಲುತ್ತದೆ. ಹಾಗೆ ನಿಂತರೆ ಮೋರಿಯೊಳಗೆ ಏನೋ ಸಿಕ್ಕಿಕೊಂಡಿದೆ ಎಂದರ್ಥ. ಗ್ಯಾಸ್ ಆರಿಸಿ ಹೋಗಿ ನೋಡಿದರೆ ಮೋರಿ ಬಿಡಿಸುವ ಲೋಲಾಕ್ಷಿ ಮೊಣಕಾಲೂರಿ ಕೂತು, ಹೆಗಲವರೆಗೆ ಕೈಯನ್ನು ಚಪ್ಪಡಿಯಡಿಗೆ ತೂರಿಸಿದ್ದಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾತ್ರಿಯ ಮಳೆ ರಸ್ತೆಯಲ್ಲಿ ಪಾದ ಮುಳುಗುವಷ್ಟು ನಿಂತಿದೆ. ಕೊನೆಗೆ ಒಂದು ತೆಂಗಿನ ಮಡಲಿನ ತುಂಡು, ಅದಕ್ಕೆ ಸುತ್ತಿಕೊಂಡ ಮಗುವಿನ ಡಯಾಪರ್ ಹೊರಬರುತ್ತವೆ. ನೀರು ಗುಳುಗುಳು ಎಂದು ಇಳಿಯತೊಡಗುತ್ತದೆ.

"ಹೋಯಿತು ನೋಡಿ ಅಕ್ಕ," ಎಂದು ಅವರು ಎದ್ದು ಸೊಂಟ ನೇರ ಮಾಡುತ್ತಾರೆ. "ಇನ್ನು ಸ್ವಲ್ಪದರಲ್ಲಿ ನಮ್ಮ ಅಂಗಳಕ್ಕೆ ಮುಟ್ಟುತ್ತದೆ."

ಇದು ತಮಾಷೆಯ ಮಾತಲ್ಲ. ಮುಳ್ಳೇರಿಯದ ಸಮೀಪ, ಮುರಕಲ್ಲಿನ ಗುಡ್ಡವನ್ನು ಸಮತಟ್ಟು ಮಾಡಿ ಕಟ್ಟಿದ ನಮ್ಮ ಹೊಸ ವಿಲ್ಲಾ ಕಾಲೊನಿಯ ಮಳೆನೀರೆಲ್ಲ ಒಂದೇ ಮೋರಿಗೆ ಸೇರಿ, ಕಂಪೌಂಡು ಗೋಡೆಯ ತೂತಿನಿಂದ ಹೊರಬೀಳುತ್ತದೆ. ಆ ತೂತಿನ ನೇರಕ್ಕೆ, ಗುಡ್ಡದ ಬುಡದಲ್ಲಿ ಲೋಲಾಕ್ಷಿಯ ಮನೆ. ಮೋರಿಯನ್ನು ಅವರು ಎಷ್ಟು ಚೆನ್ನಾಗಿ ಬಿಡಿಸುತ್ತಾರೋ ಅಷ್ಟು ಬೇಗ ಅವರದೇ ಬಾವಿಗೆ ಕೆಸರು ಬೀಳುತ್ತದೆ.

ಬೀಡಿ ಕಟ್ಟುತ್ತಿದ್ದ ಕೈ ಇದು. ಬೀಡಿ ಕೆಲಸ ಕಡಿಮೆಯಾಗಿ, ಗಂಡ ಚೆನ್ನಪ್ಪ ಮರದಿಂದ ಬಿದ್ದು ಮನೆಯಲ್ಲೇ ಕೂತ ಮೇಲೆ ಲೋಲಾಕ್ಷಿ ಇಲ್ಲಿಗೆ ಬಂದರು. ಮೂವತ್ತಾರು ಮನೆಗಳ ಮುಂದಿನ ಮೋರಿಯನ್ನು ಮಳೆಗಾಲದಲ್ಲಿ ದಿನಕ್ಕೆರಡು ಸಲ ಒಬ್ಬರೇ ಬಿಡಿಸುತ್ತಾರೆ.

ಕಾಲೊನಿ ಬರುವ ಮೊದಲು ಈ ನೀರು ಗುಡ್ಡದ ತಗ್ಗಿನ ಮದಕದಲ್ಲಿ ನಿಂತು ನಿಧಾನವಾಗಿ ಇಂಗುತ್ತಿತ್ತು. ಆ ಕೆರೆಗೆ ಮಣ್ಣು ತುಂಬಿದರು. ಈಗ ಅಲ್ಲಿ ಶಟಲ್ ಕೋರ್ಟು. ಮನೆಗೊಂದು ಇಂಗುಗುಂಡಿ ಎಂದು ಮಾರುವಾಗ ಹೇಳಿದ್ದರು. ಗುಂಡಿ ಇರಬೇಕಾದಲ್ಲಿ ಇಂಟರ್‌ಲಾಕ್ ಕಲ್ಲು ಹಾಸಿದೆ, ಅದರ ಮೇಲೆ ಕಾರು ನಿಂತಿದೆ. ಬೇಸಿಗೆಯಲ್ಲಿ ಇದೇ ಕಾಲೊನಿಗೆ ಟ್ಯಾಂಕರಿನಲ್ಲಿ ನೀರು ಬರುತ್ತದೆ. ಗೋಡೆ ದಾಟಿದ ನೀರು ನಮ್ಮದಲ್ಲ ಎಂದು ಹೇಳುವ ಧೈರ್ಯ ನಮಗೆಲ್ಲ ಎಲ್ಲಿಂದ ಬಂತು?

ಕಳೆದ ಮಳೆಗಾಲದಲ್ಲಿ ಅವರ ಬಾವಿಯ ಒಂದು ಬದಿ ಕುಸಿಯಿತು. ಬಾವಿನೀರು ಕೆಂಪಾಗಿ, ಓಣಂ ಮುಗಿಯುವ ತನಕ ನೆರೆಮನೆಯಿಂದ ನೀರು ಹೊತ್ತರು. ಇನ್ನೊಂದು ಬದಿಯೂ ಹೋದರೆ ಆ ಮನೆಗೆ ಕುಡಿಯುವ ನೀರೇ ಇಲ್ಲ. ಮೋರಿಯನ್ನು ಅರ್ಧಕ್ಕೇ ಬಿಟ್ಟು ಬಾ, ಅವರ ಕಾರುಗಳೂ ಸ್ವಲ್ಪ ಮುಳುಗಲಿ ಎಂದು ಚೆನ್ನಪ್ಪ ಹೇಳುವುದುಂಟಂತೆ.

"ಮನಸ್ಸಾಗುತ್ತದೆ ಅಕ್ಕ, ಇಲ್ಲ ಅಂತ ಹೇಳುವುದಿಲ್ಲ," ಎನ್ನುತ್ತಾರೆ ಲೋಲಾಕ್ಷಿ. "ಆದರೆ ಎಂತ ಮಾಡುವುದು, ಕೆಲಸ ಕೆಡಿಸಲಿಕ್ಕೆ ಕೈ ಬರುವುದಿಲ್ಲ."

ಅವರು ಕೇಳಿದ್ದು ಒಂದೇ: ಗೋಡೆಯ ಒಳಬದಿಯಲ್ಲಿ ಸಾಲಾಗಿ ಇಂಗುಗುಂಡಿ ತೋಡಿಸಿ ಎಂದು. ತೋಡಲು ತಾನೂ ಬರುತ್ತೇನೆ ಎಂದಿದ್ದರು. ಮೊನ್ನೆ ಕಾಲೊನಿ ಸಂಘದ ಸಭೆಯಲ್ಲಿ ಮಾತು ಗುಂಡಿಯಲ್ಲಿ ಹುಟ್ಟುವ ಸೊಳ್ಳೆಯ ಕಡೆಗೆ ತಿರುಗಿತು. ಗುಂಡಿ ತೋಡಿದರೆ ಲೋಲಾಕ್ಷಿಗೆ ಕೆಲಸವೇ ಇರಲಿಕ್ಕಿಲ್ಲ ಎಂದು ಯಾರೋ ಎಲ್ಲರನ್ನೂ ನಗಿಸಿದರು. "ಒಳ್ಳೆದಾಯಿತು, ನನಗೂ ಬೆಳಿಗ್ಗೆ ಸ್ವಲ್ಪ ಮಲಗಬಹುದಲ್ಲ," ಎಂದು ಬಾಗಿಲಲ್ಲಿ ನಿಂತಿದ್ದ ಲೋಲಾಕ್ಷಿಯೂ ನಕ್ಕರು. ನನ್ನ ಪಕ್ಕ ಕೂತಿದ್ದ ಏಳು ವರ್ಷದ ಮಗಳು ಪೂಜಾಶ್ರೀ ನಗಲಿಲ್ಲ. ಅವಳು ಏನೋ ಕೇಳಹೊರಟದ್ದು ದೊಡ್ಡವರ ನಗೆಯಲ್ಲಿ ಮುಳುಗಿಹೋಯಿತು.

ಈಗ ಅವಳು ಹಲ್ಲುಜ್ಜುತ್ತಲೇ ಗೇಟಿಗೆ ಬಂದಿದ್ದಾಳೆ. ಲೋಲಾಕ್ಷಿಯ ಫೋನ್ ಬಡಿದುಕೊಳ್ಳುತ್ತದೆ. ಕೆಸರುನೀರು ಬಾವಿಕಟ್ಟೆಗೆ ಮುಟ್ಟಿತು ಎಂದು ಚೆನ್ನಪ್ಪ ಹೇಳುವುದು ನಮಗೂ ಕೇಳುತ್ತದೆ. ಹಲಗೆ ಅಡ್ಡ ಇಡಲು ಹೇಳಿ, ಅವರು ಹಾರೆ ಹೆಗಲಿಗೇರಿಸುತ್ತಾರೆ.

ಅಷ್ಟರಲ್ಲಿ ಸಂಘದ ಅಧ್ಯಕ್ಷ ಜನಾರ್ದನ ಅವರು ಕೊಡೆ ಹಿಡಿದು ಬರುತ್ತಾರೆ. ನೀರಿಳಿದ ರಸ್ತೆ ನೋಡಿ ಅವರಿಗೆ ಖುಷಿ. "ಭಾರೀ ಲಾಯ್ಕಾಯ್ತು ಮಾರಾಯ್ತಿ. ಒಂದು ಹನಿ ಬಾಕಿ ಇಲ್ಲ."

ಲೋಲಾಕ್ಷಿ ಆಗಲೇ ಇಳಿಜಾರಿನಲ್ಲಿ ಓಡುತ್ತಿದ್ದಾರೆ. ಪೂಜಾಶ್ರೀ ಬಾಯಿಯ ನೊರೆ ಉಗಿದು, ತಲೆಯೆತ್ತಿ ಕೇಳುತ್ತಾಳೆ:

"ಮಾಮ, ನಮ್ಮ ನೀರನ್ನು ಲೋಲಾಕ್ಷಕ್ಕನ ಬಾವಿಗೆ ಯಾಕೆ ಹಾಕುವುದು?"