ಪೈಪು ಮಾವನ ರಸವೈದ್ಯ

ನನ್ನ ತಾಯಿಯ ತಮ್ಮನನ್ನು ನಮ್ಮ ಬೀದಿಯವರೆಲ್ಲ ಪೈಪು ಮಾವ ಎಂದೇ ಕರೆಯುತ್ತಾರೆ. ಎದುರಿಗೆ ನಾನು ಇವತ್ತಿಗೂ ಅವನಿಗೆ ‘ನೀವು’ ಎನ್ನುತ್ತೇನೆ. ಬರೆಯಲು ಕೂತಾಗ ಆ ಮರ್ಯಾದೆ ಕೈಗೆ ಬರುವುದಿಲ್ಲ.

ಮೂವತ್ತು ವರ್ಷ ಕೊಳಾಯಿ ಕೆಲಸ ಮಾಡಿದವನು. ಆ ಕೆಲಸದಲ್ಲಿ ಅವನನ್ನು ಹಳಿಯಲಾರೆ. ಸ್ಕ್ರೂಡ್ರೈವರಿನ ತುದಿಯನ್ನು ಗೋಡೆಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಗೋಡೆಯೊಳಗೆ ನೀರು ಎಲ್ಲಿ ಸೋರುತ್ತಿದೆ ಎಂದು ಹೇಳುತ್ತಿದ್ದ. ಅವನು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಕಡೆ ಒಡೆದರೆ ಸೋರಿಕೆ ಅಲ್ಲೇ ಇರುತ್ತಿತ್ತು. ಅನಾಹುತಕ್ಕೆ ಅದೇ ಕಾರಣ. ಒಂದು ವಿದ್ಯೆ ಅಷ್ಟು ಚೆನ್ನಾಗಿ ಕೈಗೆ ಹತ್ತಿದವನಿಗೆ ಜಗತ್ತಿನ ಉಳಿದ ವಿದ್ಯೆಗಳೆಲ್ಲ ಅದರ ಮರಿಗಳಂತೆ ಕಾಣತೊಡಗುತ್ತವೆ.

ಐವತ್ತನಾಲ್ಕನೇ ವಯಸ್ಸಿನಲ್ಲಿ, ಬಿಸಿನೀರಿನ ಗೀಸರು ಹೊತ್ತು ಮೂರನೇ ಮಹಡಿ ಹತ್ತುವಾಗ ಎದೆ ಹಿಡಿದುಕೊಂಡಿತು. ಮನೆಯೊಡೆಯ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದ. ಹೃದಯದ ಒಂದು ರಕ್ತನಾಳ ಮುಕ್ಕಾಲು ಮುಚ್ಚಿತ್ತು. ಅದರೊಳಗೆ ಸಣ್ಣ ಜಾಲರಿಯ ಸ್ಟೆಂಟ್ ಕೂರಿಸಿದರು. ಎಚ್ಚರವಾದ ಮೇಲೆ ಮಾವ ಕೇಳಿದ ಮೊದಲ ಪ್ರಶ್ನೆ ಅದರ ವ್ಯಾಸ ಎಷ್ಟು ಮಿಲಿಮೀಟರ್ ಎಂದು. ಹೃದಯದ ಡಾಕ್ಟರಮ್ಮ ನಗದೆ ಹೇಳಿದರು. ಜೊತೆಗೆ ದಿನಕ್ಕೆ ನಾಲ್ಕು ಮಾತ್ರೆ ತಪ್ಪಿಸಬಾರದು, ಸಿಗರೇಟು ಬಿಡಬೇಕು, ನಡೆಯಬೇಕು, ತರಕಾರಿ ಹಣ್ಣು ಹೆಚ್ಚು ತಿನ್ನಬೇಕು ಎಂದೂ ಹೇಳಿದರು. ಮಾವ ನಾಲ್ಕನ್ನೂ ಕೇಳಿಸಿಕೊಂಡ. ಊರಿಗೆ ಸಾರಿದ್ದು ಕೊನೆಯದನ್ನು ಮಾತ್ರ.

ಭಾರ ಎತ್ತಬೇಡ ಎಂದಿದ್ದರಿಂದ ಮನೆಯ ಮುಂದಿನ ಕೋಣೆಯಲ್ಲಿ ನಲ್ಲಿ, ಪೈಪು ಮಾರುವ ಅಂಗಡಿ ಇಟ್ಟ. ಗಿರಾಕಿ ಕಡಿಮೆ, ಹೊತ್ತು ಜಾಸ್ತಿ. ಕೈಯಲ್ಲಿ ಫೋನು. ಮೂರೇ ತಿಂಗಳಲ್ಲಿ ಮಾವನ ಬಾಯಲ್ಲಿ ಪಾಲಿಫಿನಾಲ್, ಫ್ಲೇವನಾಯ್ಡ್, ಆ್ಯಂಟಿಆಕ್ಸಿಡೆಂಟ್ ಎಂಬ ಮಾತುಗಳು ಓಡಾಡತೊಡಗಿದವು. ಹೊಸ ಗಡಿಯಾರ ಕಟ್ಟಿಕೊಂಡವನು ಕೇಳದವರಿಗೂ ಗಂಟೆ ಹೇಳುವ ಹಾಗೆ, ಮೊಳೆ ಕೊಳ್ಳಲು ಬಂದವರಿಗೂ ಅವನು ದಾಳಿಂಬೆ ಸಿಪ್ಪೆಯ ಗುಣ ಹೇಳುತ್ತಿದ್ದ.

ಅಂಗಡಿಯ ಮುಂದೆ ಒಂದು ಬೆಂಚು. ಬೆಳಗಿನ ನಡಿಗೆ ಮುಗಿಸಿದವರು ಅಲ್ಲಿ ಬಂದು ಕೂರುತ್ತಿದ್ದರು: ನಿವೃತ್ತ ಹೆಡ್‌ಮಾಸ್ಟರು, ಬ್ಯಾಂಕಿನ ಗುಮಾಸ್ತ, ಇನ್ನೂ ಮೂರು ನಾಲ್ಕು ಜನ. ಮಾವ ಎಲ್ಲಿಂದಲೋ ಕಿತ್ತು ತಂದ ಹಳೆಯ ಕಬ್ಬಿಣದ ಪೈಪಿನ ತುಂಡೊಂದನ್ನು ಮೇಜಿನ ಮೇಲೆ ಇಡುತ್ತಿದ್ದ. ಒಳಗೆಲ್ಲ ಗಡಸು ನೀರಿನ ಬಿಳಿ ಹಕ್ಕಳೆ ಕಟ್ಟಿ, ಕಿರುಬೆರಳು ತೂರದಷ್ಟು ಸಂದಿ ಉಳಿದಿತ್ತು. “ಇದೇ ನೋಡಿ ನಿಮ್ಮ ರಕ್ತನಾಳ” ಎಂದು ಅದರೊಳಗೆ ವಿನೆಗರ್ ಸುರಿಯುತ್ತಿದ್ದ. ಬುಸಬುಸನೆ ನೊರೆ ಬರುತ್ತಿತ್ತು. ಬೆಳ್ಳುಳ್ಳಿ, ನಿಂಬೆ, ಸೊಪ್ಪಿನ ರಸ ಒಳಗೆ ಹೋದರೂ ಹೀಗೇ ಕೊಳೆ ಕರಗುತ್ತದೆ ಎನ್ನುತ್ತಿದ್ದ. ಹೆಡ್‌ಮಾಸ್ಟರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಲವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದ ಮನುಷ್ಯ! ಮನುಷ್ಯನ ಎದೆಯಲ್ಲಿ ಸುಣ್ಣದ ನೀರು ಹರಿಯುವುದಿಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ನಾನು ಆಸ್ಪತ್ರೆಯ ಎದುರಿನ ಮೆಡಿಕಲ್ ಶಾಪಿನಲ್ಲಿ ಔಷಧಿ ಕೊಡುವ ಕೆಲಸದವಳು. ಓದಿದ್ದೂ ಅದನ್ನೇ. ಒಂದು ಭಾನುವಾರ ಅವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದೆ. ರಕ್ತನಾಳ ಸತ್ತ ಕೊಳವೆಯಲ್ಲ, ಅದರ ಒಳಪೊರೆಗೆ ಜೀವವಿದೆ, ಅದು ಹಿಗ್ಗುತ್ತದೆ, ಬಿಗಿಯುತ್ತದೆ. ಬೀಟ್‌ರೂಟು, ಸೊಪ್ಪುಗಳಲ್ಲಿರುವ ನೈಟ್ರೇಟು ಮೈಯೊಳಗೆ ರೂಪ ಬದಲಿಸಿ ಆ ನಾಳವನ್ನು ಸಡಿಲಿಸುತ್ತದೆ, ಒತ್ತಡ ಒಂದಿಷ್ಟು ಇಳಿಯುತ್ತದೆ. ಕಾಳು, ಓಟ್ಸಿನ ನಾರು ಕೊಲೆಸ್ಟರಾಲನ್ನು ಸ್ವಲ್ಪ ತಗ್ಗಿಸುತ್ತದೆ. ಎಲ್ಲವೂ ನಿಧಾನ, ಎಲ್ಲವೂ ಅಷ್ಟಷ್ಟೇ. ಕಟ್ಟಿಕೊಂಡದ್ದನ್ನು ತೊಳೆದು ಹಾಕುವ ರಸ ಯಾವುದೂ ಇಲ್ಲ. ಮಾವ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದ. ಆಮೇಲೆ ಕಣ್ಣು ಬಿಟ್ಟು, “ನಾನು ಹೇಳ್ತಿರೋದೂ ಅದೇ ತಾನೇ” ಎಂದ.

ಇಷ್ಟೇ ಆಗಿದ್ದರೆ ಅವನನ್ನು ಬರೀ ದಡ್ಡ ಎಂದು ಬಿಟ್ಟುಬಿಡುತ್ತಿದ್ದೆ. ಆದರೆ ಪ್ರತಿ ತಿಂಗಳ ಮೊದಲ ಸೋಮವಾರ, ಮಧ್ಯಾಹ್ನ ಊಟದ ಹೊತ್ತಿಗೆ ಗಿರಾಕಿಗಳಿಲ್ಲದಾಗ, ನಮ್ಮ ಅಂಗಡಿಯ ಹಿಂದಿನ ಬಾಗಿಲಿಗೆ ಬರುತ್ತಿದ್ದ. ಡಾಕ್ಟರಮ್ಮ ಬರೆದಿದ್ದ ಅದೇ ನಾಲ್ಕು ಮಾತ್ರೆ, ಒಂದು ತಿಂಗಳಿಗೆ. ಒಂದು ದಿನದ್ದೂ ತಪ್ಪಿಸಿದವನಲ್ಲ. ಬೆಂಚಿನ ಮೇಲೆ ಕೂತು, ತಾನು ಮಾತ್ರೆಗಳನ್ನು ಚರಂಡಿಗೆ ಎಸೆದೆ, ಈಗ ಎದೆ ಎಷ್ಟು ಹಗುರ ಎಂದು ಹೇಳುತ್ತಿದ್ದವನೂ ಇವನೇ.

“ಕವರಿನ ಮೇಲೆ ನನ್ನ ಹೆಸರು ಬರೀಬೇಡ. ಜನ ತಪ್ಪು ತಿಳ್ಕೋತಾರೆ” ಎನ್ನುತ್ತಿದ್ದ.

ಜನ ಸರಿಯಾಗಿಯೇ ತಿಳಿದುಕೊಳ್ಳುತ್ತಿದ್ದರು, ಅವನ ಭಯ ಅದೇ. ನಾನು ಹೆಸರು ಬರೆಯಲಿಲ್ಲ. ಹತ್ತಿಯ ಪೊಟ್ಟಣದ ಖಾಲಿ ಡಬ್ಬಿಯಲ್ಲಿ ತುಂಬಿಸಿ ಕೊಡುತ್ತಿದ್ದೆ. ಅಮ್ಮನಿಗೆ ಹೇಳಿದ್ದೆ, ಒಡಹುಟ್ಟಿದವನ ಮಾನ ಕಳೆಯಬೇಡ ಎಂದಳು. ಗಿರಾಕಿಯ ಔಷಧಿಯ ವಿಷಯ ಹೊರಗೆ ಆಡಬಾರದು ಎಂಬ ನಮ್ಮ ಕಸುಬಿನ ನಿಯಮವೂ ನೆರವಿಗೆ ಬಂತು. ಬಾಯಿ ಮುಚ್ಚಿಕೊಂಡಿರಲು ಮನಸ್ಸಿದ್ದವರಿಗೆ ನಿಯಮಗಳಿಗೇನು ಬರ. ಹೀಗೆ ಎರಡು ವರ್ಷ.

ಮಾವನ ಅಂಗಡಿಯ ಎದುರಿಗೆ ಒಬ್ಬ ದರ್ಜಿಯ ಅಂಗಡಿ. ಗಂಡ ಅಳತೆ ತೆಗೆದು ಬಟ್ಟೆ ಕತ್ತರಿಸುವುದು, ಹೆಂಡತಿ ಹೊಲಿಯುವುದು. ದರ್ಜಿ ಮೆತ್ತನೆಯ ಮನುಷ್ಯ, ಗಿರಾಕಿಯ ಸೊಂಟ ದಪ್ಪವಾಗಿದೆ ಎನ್ನುವುದನ್ನೂ ಬಟ್ಟೆ ಕುಗ್ಗಿದೆ ಎಂದೇ ಹೇಳುವವನು. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅವನ ಹೃದಯದ ಕವಾಟ ಕೆಟ್ಟು, ನಲವತ್ತರಲ್ಲಿ ಲೋಹದ ಕವಾಟ ಹಾಕಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ದಿನವೂ ಒಂದು ಮಾತ್ರೆ, ಅದರ ಪ್ರಮಾಣ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಎಂಟು ವರ್ಷ ಹಾಗೇ ನಡೆದಿತ್ತು.

ಲೋಹದ ಕವಾಟ ಎಂದೊಡನೆ ಮಾವನಿಗೆ ಅದು ತನ್ನ ಸಾಮ್ರಾಜ್ಯಕ್ಕೆ ಸೇರಿದ್ದು ಎನಿಸಿರಬೇಕು. ವಾಲ್ವು ಮಾರುವವನಲ್ಲವೇ. ದರ್ಜಿಗೆ ಬೆಳಿಗ್ಗೆ ಸಂಜೆ ಹಸಿರು ರಸ ಗೊತ್ತುಮಾಡಿದ: ಒಂದು ಕಟ್ಟು ಪಾಲಕ್, ಅರ್ಧ ಕಟ್ಟು ಕೊತ್ತಂಬರಿ, ನಾಲ್ಕು ಎಲೆ ಕೋಸು. ಮಾತ್ರೆ ನಿಲ್ಲಿಸಲೇ ಎಂದು ದರ್ಜಿ ಕೇಳಿದ್ದಕ್ಕೆ, ನೀನಾಗಿ ನಿಲ್ಲಿಸಬೇಡ, ಮಾತ್ರೆಗೇ ನಾಚಿಕೆಯಾಗಿ ಕೆಲಸ ಬಿಡುತ್ತದೆ ಎಂದನಂತೆ. ರಕ್ತ ಪರೀಕ್ಷೆ ಮಾತ್ರ ಬೇಡ, ತಿಂಗಳು ತಿಂಗಳು ಮೈಯಿಂದ ರಕ್ತ ಹೀರಿಸಿಕೊಳ್ಳುವುದು ಯಾವ ಬುದ್ಧಿ ಎಂದನಂತೆ. ದರ್ಜಿ ಎರಡು ತಿಂಗಳು ಪರೀಕ್ಷೆಗೆ ಹೋಗಲಿಲ್ಲ.

ಆ ಮಧ್ಯೆ ಒಂದು ದಿನ ಅವನು ಮಾತ್ರೆ ಕೊಳ್ಳಲು ನನ್ನ ಹತ್ತಿರ ಬಂದಿದ್ದ. ಆರು ವಾರದಿಂದ ರಸ ಕುಡಿಯುತ್ತಿದ್ದೇನೆ, ಮೈ ಹಗುರವಾಗಿದೆ ಎಂದು ಹೇಳಿದ. ಸೊಪ್ಪು ಹೆಚ್ಚಾದರೆ ಈ ಮಾತ್ರೆ ಸೋಲುತ್ತದೆ ಎಂದು ನನ್ನ ಓದಿನ ಎರಡನೇ ವರ್ಷದಲ್ಲೇ ಬಾಯಿಪಾಠ ಮಾಡಿದ್ದೆ. ಆದರೆ ಹಿಂದೆ ಏಳೆಂಟು ಜನ ನಿಂತಿದ್ದರು. ಸೊಪ್ಪು ಜಾಸ್ತಿ ತಿನ್ನುವುದಾದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದೆ, ಅದೂ ಹೊರಗೆ ಮಳೆ ಬರುವ ಹಾಗಿದೆ ಎನ್ನುವ ದನಿಯಲ್ಲಿ. “ನಿಮ್ಮ ಮಾವನೇ ನೋಡ್ಕೋತಿದ್ದಾರಲ್ಲಮ್ಮ” ಎಂದು ನಕ್ಕು ಹೋದ. ನಾನು ಮುಂದಿನವರ ಚೀಟಿಗೆ ಕೈ ಚಾಚಿದೆ. ಮಾವನ ಮೇಲೆ ನನಗಿರುವ ತಿರಸ್ಕಾರದಲ್ಲಿ ಒಂದು ಪಾಲು ನನಗೂ ಸಲ್ಲಬೇಕು, ತೆಗೆದಿಟ್ಟಿದ್ದೇನೆ.

ಹನ್ನೆರಡು ದಿನ ಕಳೆದಿರಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಂದು ಕೋಟಿನ ಬಟ್ಟೆ ಕತ್ತರಿಸುತ್ತಿದ್ದ ದರ್ಜಿಯ ಕೈಯಿಂದ ಕತ್ತರಿ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬೆರಳು ಮಡಿಯಲಿಲ್ಲ. ಆ ಕೈ ಯಾರದೋ ಎನ್ನುವ ಹಾಗೆ ಅದನ್ನೇ ನೋಡುತ್ತ ನಿಂತ. ಗುಂಡಿ ಹೊಲಿಯುತ್ತಿದ್ದ ಹೆಂಡತಿ ಮೊದಲು ನಕ್ಕಳಂತೆ. ಅವನು ಏನೋ ಹೇಳಲು ಹೋದಾಗ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಆಸ್ಪತ್ರೆ ಹತ್ತಿರವೇ ಇದ್ದದ್ದರಿಂದ ಜೀವ ಉಳಿಯಿತು. ಕವಾಟದ ಮೇಲೆ ಕಟ್ಟಿದ ಹೆಪ್ಪಿನ ಒಂದು ಚೂರು ಮಿದುಳಿಗೆ ಹೋಗಿ ಸಿಕ್ಕಿಕೊಂಡಿತ್ತು.

ಸುದ್ದಿ ತಿಳಿದು ನಾನು ಓಡಿದೆ. ರಕ್ತ ಪರೀಕ್ಷೆ ನೋಡಿದರೆ ಮಾತ್ರೆಯನ್ನೇ ನುಂಗದವರ ರಕ್ತದ ಹಾಗಿದೆ ಎಂದರು ಡಾಕ್ಟರಮ್ಮ. ಒಂದು ದಿನವೂ ತಪ್ಪಿಸಿಲ್ಲ ಎಂದು ದರ್ಜಿಯ ಹೆಂಡತಿ ಅಳುತ್ತ ಆಣೆ ಇಟ್ಟಳು. ಊಟಕ್ಕೆ ಏನು ಕೊಡುತ್ತೀಯಾ ಎಂದು ಕೇಳಿದಾಗ, ಪಾಪ, ಕಣ್ಣೊರೆಸಿಕೊಂಡು ಹಸಿರು ರಸದ ಅಳತೆಯನ್ನೆಲ್ಲ ಹೆಮ್ಮೆಯಿಂದ ಒಪ್ಪಿಸಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಸೊಪ್ಪಿನಲ್ಲಿ ಕೆ ಎಂಬ ಜೀವಸತ್ವವಿದೆ, ರಕ್ತ ಹೆಪ್ಪುಗಟ್ಟಲು ಅದು ಬೇಕು, ಅದನ್ನು ತಡೆಯುವುದೇ ಆ ಮಾತ್ರೆಯ ಕೆಲಸ ಎಂದು ವಿವರಿಸಿದರು. ದಿನವೂ ಒಂದೇ ಅಳತೆಯ ಸೊಪ್ಪು ತಿಂದರೆ ಮಾತ್ರೆಯನ್ನು ಅದಕ್ಕೆ ಹೊಂದಿಸಬಹುದಿತ್ತು. ಇದ್ದಕ್ಕಿದ್ದ ಹಾಗೆ ಕೊಡಗಟ್ಟಲೆ ಸುರಿದರೆ ಮಾತ್ರೆ ಏನು ಮಾಡೀತು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

“ಸೊಪ್ಪು ವಿಷ ಅಲ್ಲಮ್ಮ. ಅದು ನಿಜವಾಗಿ ಕೆಲಸ ಮಾಡುತ್ತೆ, ತೊಂದರೆ ಇರೋದೇ ಅಲ್ಲಿ. ಕೆಲಸ ಮಾಡೋ ವಸ್ತುನ ಯಾರನ್ನೂ ಕೇಳದೆ ಕುಡಿಸಬಾರದು.”

ಮೂರನೇ ದಿನ ಮಾವ ಆಸ್ಪತ್ರೆಗೆ ಬಂದ. ಹಿಂದೆ ಹೆಡ್‌ಮಾಸ್ಟರು, ಬ್ಯಾಂಕಿನ ಗುಮಾಸ್ತ. ಮಾವನ ಕೈಯಲ್ಲಿ ಸ್ಟೀಲಿನ ಫ್ಲಾಸ್ಕು. ಅದರಲ್ಲಿ ಏನಿತ್ತೆಂದು ಹೇಳಬೇಕಾಗಿಲ್ಲ. ವಾರ್ಡಿನ ಹೊರಗಿನ ಓಣಿಯಲ್ಲಿ ದರ್ಜಿಯ ಹೆಂಡತಿಯನ್ನು ನಿಲ್ಲಿಸಿಕೊಂಡು ಶುರುಮಾಡಿದ. ರಸವನ್ನು ಎರಡು ಸಲ ಸೋಸಿರಲಿಕ್ಕಿಲ್ಲ. ಕುಡಿದ ಮೇಲೆ ಅರ್ಧ ಗಂಟೆ ಬಿಡದೆ ಏನೋ ತಿಂದಿರಬೇಕು. ಮನಸ್ಸಿನಲ್ಲಿ ಅನುಮಾನ ಇಟ್ಟುಕೊಂಡು ಕುಡಿದರೆ ಅಮೃತವೂ ಹತ್ತುವುದಿಲ್ಲ. ಆ ಹೆಂಗಸು ತಲೆ ತಗ್ಗಿಸಿಕೊಂಡು, ಎರಡನೇ ಸಲ ಸೋಸಿದ್ದೆನೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳುತ್ತಿದ್ದಳು. ಇನ್ನು ಅರೆಗಳಿಗೆ ಬಿಟ್ಟಿದ್ದರೆ ಅವನ ಕ್ಷಮೆ ಕೇಳಿಬಿಡುತ್ತಿದ್ದಳು.

ನನಗೆ ಅದನ್ನು ನೋಡಲಾಗಲಿಲ್ಲ.

“ಮಾವ, ನೀವು ದಿನಾ ತಗೊಳ್ಳೋ ನಾಲ್ಕು ಮಾತ್ರೆ ಹೆಸರು ನೀವೇ ಹೇಳ್ತೀರಾ, ಇಲ್ಲ ನಾನು ಹೇಳ್ಲಾ?” ಎಂದೆ.

ಹೆಡ್‌ಮಾಸ್ಟರು ಮಾವನ ಮುಖ ನೋಡಿದರು. ಮಾವ ಫ್ಲಾಸ್ಕಿನ ಮುಚ್ಚಳ ನೋಡಿದ. ನಾನು ಹೇಳಿಯೇಬಿಟ್ಟೆ, ನಾಲ್ಕೂ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ವರ್ಷದಿಂದ, ಹಿಂದಿನ ಬಾಗಿಲು, ಹತ್ತಿಯ ಡಬ್ಬಿ, ಎಲ್ಲ.

“ಅದು ಬರೀ ಮುನ್ನೆಚ್ಚರಿಕೆಗೆ” ಎಂದ ಮಾವ.

ದರ್ಜಿಯ ಹೆಂಡತಿ ಅವನ ಕೈಯಿಂದ ಫ್ಲಾಸ್ಕನ್ನು ತೆಗೆದುಕೊಂಡು ಓಣಿಯ ಕೊನೆಯಲ್ಲಿದ್ದ ಕೈ ತೊಳೆಯುವ ತೊಟ್ಟಿಗೆ ಸುರಿದಳು. ಬಿಳಿಯ ತೊಟ್ಟಿಯೆಲ್ಲ ಹಸಿರಾಯಿತು. ನಲ್ಲಿ ಬಿಟ್ಟು ತೊಟ್ಟಿ ತೊಳೆದಳು, ಫ್ಲಾಸ್ಕಿನ ಒಳಗೆ ಹೊರಗೆ ತೊಳೆದಳು, ಮುಚ್ಚಳ ತಿರುಗಿಸಿ ಬಿಗಿ ಮಾಡಿ ತಂದು ಅವನ ಕೈಗೆ ಕೊಟ್ಟಳು.

“ತೊಳೆದಿದ್ದೀನಿ ಅಣ್ಣ. ತಗೊಂಡು ಹೋಗಿ.”

ಗಿರಾಕಿಯ ಗುಟ್ಟು ಬಯಲು ಮಾಡಿದ್ದಕ್ಕೆ ನಮ್ಮ ಅಂಗಡಿಯ ಯಜಮಾನರು ನನ್ನನ್ನು ಬೈದರು. ಅವರು ಬೈದದ್ದು ನ್ಯಾಯವೇ. ಅಮ್ಮ ಆರು ತಿಂಗಳು ನನ್ನೊಡನೆ ಮಾತು ಬಿಟ್ಟಳು.

ಮಾವನಿಗೆ ಏನಾಯಿತು ಎಂದು ನೀವು ಕೇಳುತ್ತೀರಿ. ಏನೂ ಆಗಲಿಲ್ಲ. ಎರಡು ವಾರ ಬೆಂಚು ಖಾಲಿ ಇತ್ತು. ಮೂರನೇ ವಾರ ಹೆಡ್‌ಮಾಸ್ಟರು ಬಂದು ಕೂತರು. ಮಾವನಿಗೆ ಮಾತ್ರೆಯ ಅನುಭವವೂ ಇದೆ, ರಸದ ಅನುಭವವೂ ಇದೆ, ಎರಡೂ ಕಡೆ ಬಲ್ಲವರು ಇವರೊಬ್ಬರೇ ಎಂದು ಗುಮಾಸ್ತನಿಗೆ ತಿಳಿಸಿ ಹೇಳಿದರಂತೆ. ಗುಮಾಸ್ತನೂ ಬಂದು ಕೂತ. ಮೋಸ ಹೋಗುವವರಿಗೆ ಮೋಸಗಾರನನ್ನು ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ ಇಲ್ಲ ಎಂದು ಕಾಣುತ್ತದೆ. ಇದಾಗಿ ಹದಿನಾಲ್ಕು ವರ್ಷವಾಯಿತು. ಈಗ ಮಾವನ ಉಪದೇಶ ಮೊಣಕಾಲಿನ ಕಡೆ ಹೊರಳಿದೆ. ವಯಸ್ಸು ಎಪ್ಪತ್ತೊಂದು. ರಕ್ತದೊತ್ತಡ ಇಪ್ಪತ್ತೈದರವನ ಹಾಗಿದೆ. ಸಿಗರೇಟು ಬಿಟ್ಟ, ದಿನವೂ ನಡೆದ, ಸೊಪ್ಪು ತರಕಾರಿ ತಿಂದ, ಮಾತ್ರೆ ತಪ್ಪಿಸಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ ರೋಗಿ ಊರಿನಲ್ಲಿ ಇದ್ದರೆ ಅವನೇ.

ದರ್ಜಿಯ ಬಲಗೈ ಚಮಚ ಹಿಡಿಯುವ ಮಟ್ಟಿಗೆ ಬಂತು, ಕತ್ತರಿ ಹಿಡಿಯುವ ಮಟ್ಟಿಗೆ ಬರಲಿಲ್ಲ. ಈಗ ಎಡಗೈಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆಯುತ್ತಾನೆ, ಹೆಂಡತಿ ಕತ್ತರಿಸುತ್ತಾಳೆ. ಕೋಟು ಹೊಲಿಯುವುದನ್ನು ಬಿಟ್ಟಿದ್ದಾರೆ. ದಿನಕ್ಕೆ ಒಂದು ಹಿಡಿ ಸೊಪ್ಪು ತಿನ್ನುತ್ತಾನೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುವಾಗ ಮಾವನ ಅಂಗಡಿ ದಾಟಿಯೇ ಹೋಗಬೇಕು. “ಚೆನ್ನಾಗಿದ್ದೀರಾ ಅಣ್ಣ” ಎಂದು ಕೇಳುತ್ತಾನೆ. ಆ ಒಳ್ಳೆಯತನವನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅಮ್ಮನ ಕಾಟ ತಾಳದೆ ಹೋದ ವರ್ಷ ಮಾವನ ಮನೆಗೆ ಹೋದೆ. ಅವನು ಒಂದು ನಲ್ಲಿಗೆ ವಾಷರು ಹಾಕುತ್ತ ಕೂತಿದ್ದ. ನಾನು ಬಾಯಿ ತೆರೆಯುವ ಮೊದಲೇ, “ನಾನು ಆವತ್ತೇ ಕ್ಷಮಿಸಿಬಿಟ್ಟೆ ಬಿಡು” ಎಂದ. ಕ್ಷಮೆ ಕೇಳಲು ಬಂದವಳಲ್ಲ ಎಂದು ಹೇಳಬೇಕೆಂದಿದ್ದೆ. ಹೇಳಿ ಏನು ಪ್ರಯೋಜನ ಎನ್ನಿಸಿ ಒಳಗೆ ಅತ್ತೆಯ ಹತ್ತಿರ ಹೋದೆ. ಅಷ್ಟೂ ವರ್ಷ ಆ ಸೊಪ್ಪನ್ನೆಲ್ಲ ಬಿಡಿಸಿ, ತೊಳೆದು, ರುಬ್ಬಿ, ಸೋಸಿ ಕೊಟ್ಟವಳು ಅತ್ತೆ. ಬೀನ್ಸ್ ಮುರಿಯುತ್ತ ಕೂತಿದ್ದಳು. ನೀವು ಯಾವತ್ತಾದರೂ ಆ ರಸ ಕುಡಿದಿದ್ದೀರಾ ಎಂದು ಕೇಳಿದೆ.

ಅತ್ತೆ ಮುಂದಿನ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ಥೂ, ಅದನ್ನ ಯಾರು ಕುಡೀತಾರೆ” ಎಂದಳು.