ಹಣಮಂತ್ರಾಯನನ್ನು ಕೂಗದ ದೇವಕಮ್ಮ

ಶಹಾಪುರಕ್ಕೂ ಸುರಪುರಕ್ಕೂ ಬಸ್ಸಿನಲ್ಲಿ ಓಡಾಡುವವರಿಗೆ ಈ ಕೋರ್ಟು ಗೊತ್ತು. ಅದು ಯಾವ ಊರಿನದೆಂದು ಇಲ್ಲಿ ಹೇಳುವುದಿಲ್ಲ. ಹೆಸರೆತ್ತದೆ ಗುರುತು ಹೇಳುವ ವಿದ್ಯೆಯನ್ನು ಆ ಕೋರ್ಟಿನ ದೇವಕಮ್ಮನೇ ಕಲಿಸಿಕೊಟ್ಟಿರುವಾಗ ಊರಿನ ಹೆಸರಿನ ಅಗತ್ಯವಾದರೂ ಏನು?

ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದಕ್ಕೆ ಆ ಸೀಮೆಯಲ್ಲಿ ಪುಕಾರು ಎನ್ನುತ್ತಾರೆ. ಮೂವತ್ತೊಂದು ವರ್ಷ ಆ ಕೆಲಸ ಮಾಡಿದ ವಹಾಬ ಸಾಹೇಬರು, ದೊಡ್ಡ ನೋಟುಗಳು ರದ್ದಾದ ಮರುವರ್ಷ ನಿವೃತ್ತರಾದರು. ವ್ಯಾಪಾರ ಕುಸಿದಿದ್ದ ವರ್ಷ ಅದು. ಖಾಲಿಯಾದ ಹುದ್ದೆಗೆ ಹೊಸಬರನ್ನು ತುಂಬುವ ಮಾತೇ ಇರಲಿಲ್ಲ. ಇದ್ದವರಲ್ಲೇ ಗಟ್ಟಿ ದನಿಯವರು ಯಾರೆಂದು ನ್ಯಾಯಾಧೀಶರು ಕೇಳಿದಾಗ, ಇಡೀ ಕಚೇರಿ ಒಂದೇ ಕಡೆಗೆ ಕೈ ತೋರಿಸಿತು: ದಾಖಲೆ ಕೋಣೆಯ ದೇವಕಮ್ಮ.

ಆ ದನಿಗೆ ಒಂದು ಹಿನ್ನೆಲೆಯಿತ್ತು. ಎಡದಂಡೆ ಕಾಲುವೆಯನ್ನು ಅಗೆಯುತ್ತಿದ್ದ ಕಾಲಕ್ಕೆ ದೇವಕಮ್ಮ ಮಣ್ಣಿನ ಬುಟ್ಟಿ ಹೊರುವ ಹುಡುಗಿ. ಬಂಡೆಗೆ ಮದ್ದು ತುಂಬಿ ಸಿಡಿಸುವ ಮುನ್ನ ದಿಬ್ಬದ ಮೇಲೆ ನಿಂತು, 'ದೂರ ಸರೀರಿ' ಎಂದು ಎಚ್ಚರಿಸುವ ಹೊಣೆಯನ್ನು ಮೇಸ್ತ್ರಿ ಅವಳಿಗೇ ವಹಿಸಿದ್ದ. ಮದ್ದು ಸಿಡಿದ ಸದ್ದು ಎರಡು ಹಳ್ಳಿಗೆ ಕೇಳಿದರೆ ದೇವಕಮ್ಮನ ಕೂಗು ಮೂರು ಹಳ್ಳಿಗೆ ಕೇಳುತ್ತಿತ್ತಂತೆ. ಆಮೇಲೆ ಕೋರ್ಟಿಗೆ ಕಸ ಗುಡಿಸಲು ಬಂದಳು, ಸಾಕ್ಷರತಾ ತರಗತಿಯಲ್ಲಿ ಅಕ್ಷರ ಕೂಡಿಸಿದಳು, ನೌಕರಿ ಕಾಯಂ ಆಯಿತು. ಇಪ್ಪತ್ತೇಳು ವರ್ಷಗಳ ಕಾಲ ಹಳೆಯ ಕಡತಗಳ ಧೂಳಿನ ನಡುವೆ, ಸೀನುವುದೊಂದನ್ನು ಬಿಟ್ಟರೆ ದನಿಯೆತ್ತುವ ಪ್ರಸಂಗವೇ ಅವಳಿಗೆ ಬಂದಿರಲಿಲ್ಲ.

ಆದ್ದರಿಂದ ಬಾಗಿಲಿಗೆ ಬಂದ ಮೊದಲ ದಿನ ಅವಳು ಕೂಗಿದ ಹೆಸರಿಗೆ ಅಂಗಳದ ಬೇವಿನ ಮರದಿಂದ ಗಿಳಿಗಳು ಎದ್ದವು. ಹಳ್ಳಿಯ ದೊಡ್ಡ ಮನುಷ್ಯರೊಬ್ಬರು ಚಹಾದ ಕಪ್ಪನ್ನು ಹಾಗೇ ಬಿಟ್ಟು, ರುಮಾಲು ಸರಿಪಡಿಸಿಕೊಳ್ಳುತ್ತ ಓಡಿಬಂದರು. ತಾನು ಕರೆದರೆ ಇಂಥವರೂ ಓಡಿಬರುತ್ತಾರೆ! ಆ ಬಾಗಿಲನ್ನು ಇನ್ನು ಬಿಡಬಾರದೆಂದು ದೇವಕಮ್ಮ ಅಂದೇ ನಿಶ್ಚಯಿಸಿದಳು.

ತೊಡಕು ಒಂದೇ. ಅವಳ ಗಂಡನ ಹೆಸರು ಹಣಮಂತ್ರಾಯ.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಮನೆತನ ಅವಳದು. ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸದ ಆ ಮಿತಭಾಷಿ ಮನುಷ್ಯನನ್ನು ಅವಳು 'ಕೇಳಿಸ್ತೇನ್ರಿ' ಎಂದೋ, ಮಗಳ ಹೆಸರು ಹಿಡಿದು 'ಮಾಳಮ್ಮನ ಅಪ್ಪ' ಎಂದೋ ಕರೆಯುತ್ತಿದ್ದಳು. ಅದು ಮನೆಯ ಮಟ್ಟಿಗೆ ಸಾಕಾಗಿತ್ತು. ಆದರೆ ಆ ಕೋರ್ಟಿನ ದಿನಪಟ್ಟಿಯಲ್ಲಿ ಒಬ್ಬನಾದರೂ ಹಣಮಂತ್ರಾಯ ಇಲ್ಲದ ದಿನವೆಂದರೆ ಭಾನುವಾರ ಮಾತ್ರ.

ದೇವಕಮ್ಮ ಉಪಾಯ ಕಂಡುಕೊಂಡಳು. ಪಟ್ಟಿಯಲ್ಲಿ ತಂದೆಯ ಹೆಸರೂ ಊರಿನ ಹೆಸರೂ ಇರುತ್ತವಲ್ಲ! 'ಬೋನಾಳದ ಭೀಮಣ್ಣನ ಮಗಾ' ಎಂದು ಮೂರು ಸಲ ಕೂಗಿದರೆ ಆ ಹಣಮಂತ್ರಾಯ ಬರುತ್ತಿದ್ದ. ಇಬ್ಬರು ಮಕ್ಕಳಿದ್ದರೆ 'ಹಿರೇಮಗಾ' ಎನ್ನುತ್ತಿದ್ದಳು. ಎಂಟು ತಿಂಗಳು ಇದು ಯಾರ ಗಮನಕ್ಕೂ ಬರದೆ ನಡೆಯಿತು. ಸಂತೆಯಂತೆ ತುಂಬಿ ತುಳುಕುವ ಕೋರ್ಟಾಗಿದ್ದರೆ ಮುಂದೆಯೂ ನಡೆಯುತ್ತಿತ್ತು.

ಕೋರ್ಟು ತುಂಬಿರಲಿಲ್ಲ, ಅನಾಹುತದ ಮೂಲ ಅದೇ. ಹೊಲ ಕೊಳ್ಳುವವರಿಲ್ಲ, ಆದ್ದರಿಂದ ಮಾರಿದ ಮೇಲೆ ಜಗಳವಾಡುವವರೂ ಇಲ್ಲ. ಅಣ್ಣತಮ್ಮಂದಿರು ಪಾಲಿನ ದಾವೆಯನ್ನು ಮುಂದಿನ ಸುಗ್ಗಿಗೆ ಮುಂದೂಡಿ, ಅಲ್ಲಿಯವರೆಗೆ ಒಂದೇ ಒಲೆಯಲ್ಲಿ ಉಣ್ಣತೊಡಗಿದ್ದರು. ಹೀಗೆ ಊರಿನಲ್ಲಿ ನೆಮ್ಮದಿ ಹೆಚ್ಚಿದಷ್ಟೂ ವಕೀಲರ ಸಂಘದ ಕೋಣೆಯಲ್ಲಿ ಕಳವಳ ಹೆಚ್ಚಿತು. ಕೆಲಸ ಕಡಿಮೆಯಾದಂತೆ ಸಂಘದ ಚಟುವಟಿಕೆ ಬೆಳೆಯಿತು: ನಾಲ್ಕು ತಿಂಗಳಲ್ಲಿ ಏಳು ಸಭೆ, ಮುರಿದ ಕುರ್ಚಿಗಳ ಕುರಿತು ಒಂದು ಉಪಸಮಿತಿ, ಆರೋಗ್ಯ ತಪಾಸಣಾ ಶಿಬಿರ, ಕೊನೆಗೆ ಕೇರಂ ಪಂದ್ಯಾವಳಿ. 'ಇಂದಿನ ಕೋರ್ಟು ಸುದ್ದಿ' ಎಂಬ ಕಪ್ಪು ಹಲಗೆಯ ಮೇಲೆ ತೀರ್ಪುಗಳ ಜಾಗದಲ್ಲಿ ಕೇರಂ ಫಲಿತಾಂಶ ರಾರಾಜಿಸಿತು.

ಪಂದ್ಯಾವಳಿಯ ಸೆಮಿಫೈನಲ್ ನಡೆಯುತ್ತಿದ್ದ ದಿನವೇ ಬೋನಾಳದ ಹಣಮಂತ್ರಾಯನ ಹೊಲಗಾಲುವೆಯ ದಾವೆ ಪುಕಾರಿಗೆ ಬಂತು. ದೇವಕಮ್ಮ ಎಂದಿನಂತೆ 'ಭೀಮಣ್ಣನ ಮಗಾ' ಎಂದು ಮೂರು ಸಲ ಕೂಗಿದಳು. ಕಕ್ಷಿದಾರ ಬರಲಿಲ್ಲ; ಅವನ ವಕೀಲ ಅಮರಪ್ಪನವರೂ ಬರಲಿಲ್ಲ. ಗೈರುಹಾಜರಿಯ ಕಾರಣಕ್ಕೆ ದಾವೆ ವಜಾ ಆಯಿತು.

ವಜಾ ಆದದ್ದನ್ನು ಮತ್ತೆ ಎಬ್ಬಿಸಲು ಅರ್ಜಿ ಬೇಕು, ಅರ್ಜಿಗೆ ಕಾರಣ ಬೇಕು. ತಾವು ಆಗ ಕೇರಂ ಮುಂದೆ ಕುಳಿತಿದ್ದುದನ್ನು ಬರೆಯಲಾಗದ ಅಮರಪ್ಪನವರು, 'ನನ್ನ ಕಕ್ಷಿದಾರನ ಹೆಸರನ್ನು ಕೂಗಲೇ ಇಲ್ಲ' ಎಂದು ಬರೆದರು. ಬರೆದ ಮೇಲೆ ಅದು ನಿಜವೆಂಬುದು ಅವರಿಗೇ ಹೊಳೆದು ಬೆರಗಾಯಿತು. ಸುದ್ದಿ ಸಂಘಕ್ಕೆ ಹೋಯಿತು. ಎಂಟನೆಯ ಸಭೆ ಕೂಡಿತು. ದೇವಕಮ್ಮನನ್ನು ಮರಳಿ ದಾಖಲೆ ಕೋಣೆಗೆ ಕಳಿಸಬೇಕೆಂಬ ಠರಾವು ಪಾಸಾಯಿತು. ಗುರುವಾರ ಯಾದಗಿರಿಯಿಂದ ವಾರ್ಷಿಕ ತಪಾಸಣೆಗೆ ಬರಲಿದ್ದ ಹಿರಿಯ ನ್ಯಾಯಾಧೀಶರಿಗೆ ಅದನ್ನು ಮನವಿಯಾಗಿ ಕೊಡುವುದೆಂದು ತೀರ್ಮಾನವಾಯಿತು.

ಬುಧವಾರ ಮಧ್ಯಾಹ್ನ ಸಂಘದ ಅಧ್ಯಕ್ಷ ಚನ್ನಯ್ಯನವರು ಕೋರ್ಟಿನ ಅಂಗಳದಲ್ಲಿದ್ದ ಮದೀನಾಬೀಯ ಚಹಾದಂಗಡಿಗೆ ತಾವೇ ಬಂದು ದೇವಕಮ್ಮನಿಗೆ ವಿಷಯ ತಿಳಿಸಿದರು.

"ನಿಮ್ಮ ಮ್ಯಾಲ ನಮಗ ಸಿಟ್ಟಿಲ್ಲ ನೋಡವ್ವ. ಇದು ಕಾನೂನಿನ ಮಾತು."

"ಕಾನೂನು ಖಾಲಿ ಕುಂತಿತ್ತೇನ್ರಿ ಸಾಹೇಬ್ರ, ನನ್ನ ಕಡಿ ಬಂತು?" ಎಂದಳು ದೇವಕಮ್ಮ.

"ಒಂದು ಹೆಸರು ಹೇಳಾಕ ಏನು ತ್ರಾಸು ನಿಮಗ?"

"ನಿಮ್ಮ ಮನಿಯವ್ರು ನಿಮ್ಮ ಹೆಸರು ಹಿಡದು ಕರೀತಾರೇನ್ರಿ?"

ಚನ್ನಯ್ಯನವರು ಚಹಾ ಊದಿಕೊಂಡರು. "ನಮ್ಮಾಕಿ ಹೆಸರು ಹಿಡಿಯೂದು ಒತ್ತಟ್ಟಿಗಿರಲಿ, ಕರಿಯೂದ ಬಿಟ್ಟಾಳ."

ಮದೀನಾಬೀ ಚಹಾ ಸೋಸುತ್ತಲೇ ಬಾಯಿ ಹಾಕಿದಳು. "ವಕೀಲ ಸಾಬ, ದೇವಕ್ಕನ ಪುಕಾರ ಕೇಳಿ ನಾ ಹಾಲು ಇಡತೀನ್ರಿ. ಆಕಿನ್ನ ಒಳಗ ಹಾಕಿದ್ರ ನನಗ ಟೈಮ್ ಯಾರು ಹೇಳಬೇಕು? ನಿಮ್ಮ ಕೇರಂ ಬೋರ್ಡು ಹೇಳತದೇನು?"

ಅಂದು ಸಂಜೆ ದೇವಕಮ್ಮನ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಎಂದಿಗಿಂತ ಜೋರಾಗಿತ್ತು. ಹಣಮಂತ್ರಾಯ ಕೈಕಾಲು ತೊಳೆದು ಬಂದು ತಾಟಿನ ಮುಂದೆ ಕುಳಿತ.

"ಕೇಳಿಸ್ತೇನ್ರಿ. ನಾಳಿಗಿ ನನ್ನ ಬಾಗಲಾ ಹೋಗತದಂತ."

"ಬಾಗಲಾ ಎಲ್ಲಿ ಹೋಗತದ? ಅದು ಅಲ್ಲೇ ಇರತದ. ನೀ ಹೋಗತಿ."

ತಾಟಿಗೆ ಬಿದ್ದ ರೊಟ್ಟಿಯ ರಭಸ ನೋಡಿ ಅವನು ತಮಾಷೆ ನಿಲ್ಲಿಸಿದ. ನಡೆದದ್ದನ್ನೆಲ್ಲ ಕೇಳಿಸಿಕೊಂಡ.

"ನನ್ನ ಹೆಸರು ಹೇಳಿದ್ರ ಉಳೀತದೇನು?"

"ಹೂಂ."

"ಹೇಳು ಮತ್ತ. ನನಗೇನೂ ಆಗೂದಿಲ್ಲ."

"ನಿಮಗಾಗೂದಿಲ್ರಿ, ನನಗಾಗತದ. ಮೂವತ್ತೆರಡು ವರ್ಷ ಬಾಯಾಗ ಕಾದಿಟ್ಟಿದ್ದು, ಅಮರಪ್ಪ ವಕೀಲನ ಸಲುವಾಗಿ ಬಯಲಿಗಿ ಒಗೀಲೇನು?"

ಹಣಮಂತ್ರಾಯ ತುತ್ತು ಮುರಿದ. "ಒಮ್ಮಿ ಹೇಳಿದ್ದಿ. ಲಗ್ನದಾಗ."

"ಅದು ಒಡಪಿನ್ಯಾಗ. ಒಡಪಿನ್ಯಾಗ ಹೇಳಿದ್ರ ದೋಷ ಇಲ್ಲ."

ಮದುವೆಯ ಮನೆಯಲ್ಲಿ ಹೆಂಗಸರು ಹೊಸ ಮದುಮಗಳನ್ನು ಅಡ್ಡಗಟ್ಟಿ ಗಂಡನ ಹೆಸರು ಕೇಳಿದಾಗ, ಪ್ರಾಸ ಕೂಡಿಸಿದ ಎರಡು ಸಾಲಿನೊಳಗೆ ಆ ಹೆಸರನ್ನು ಪೋಣಿಸಿ ಹೇಳುವುದೇ ಒಡಪು. ಆ ಎರಡು ಸಾಲಿನ ಒಳಗೆ ಮಾತ್ರ ಹೆಸರಿಗೆ ಬಿಡುಗಡೆ.

"ಅವತ್ತು ನನಗ ಕೇಳಿಸಿರಲಿಲ್ಲ," ಎಂದ ಹಣಮಂತ್ರಾಯ.

"ಏನು?"

"ನನ್ನ ಹೆಸರು. ಎಲ್ಲಾರೂ ನಕ್ಕರು, ಹೇಳ್ಯಾಳ ಹೇಳ್ಯಾಳ ಅಂದ್ರು. ನಾ ಬಾಜೂಕ ಕುಂತಾಂವಗ ಕೇಳಿಸಲಿಲ್ಲ. ಬಂಡೆಗಲ್ಲು ಸಿಡಿಯೂ ಮುಂದ ಮೂರು ಹಳ್ಳಿಗಿ ಕೂಗತಿದ್ದಿ, ನನ್ನ ಹೆಸರಿಗಿ ಬಂದು ಗಂಟಲಾ ಕಟ್ಟಿಬಿಟ್ಟಿತು. ನೀ ಹೇಳಿದ್ಯೋ ಇಲ್ಲೋ ಅಂತ ಇವತ್ತಿಗೂ ಅನುಮಾನ ಅದ."

ಅವನು ಕೇಳದಿದ್ದರೂ ದೇವಕಮ್ಮ ಇನ್ನೊಂದು ರೊಟ್ಟಿ ಹಾಕಿದಳು. ಈ ಸಲ ಮೆಲ್ಲಗೆ.

ಗುರುವಾರ ಬೆಳಿಗ್ಗೆ ಕೋರ್ಟಿನ ಸಭಾಂಗಣ ತಿಂಗಳುಗಳ ನಂತರ ತುಂಬಿತು. ಕಕ್ಷಿದಾರರಿಂದಲ್ಲ, ವಕೀಲರಿಂದ. ಯಾದಗಿರಿಯಿಂದ ಬಂದ ಹಿರಿಯ ನ್ಯಾಯಾಧೀಶೆ ಮೈಸೂರು ಕಡೆಯವರು. ಮೆಲುದನಿಯ, ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸದವರು. ಸ್ಥಳೀಯ ನ್ಯಾಯಾಧೀಶರ ಪಕ್ಕದಲ್ಲಿ ಕುಳಿತು ಚನ್ನಯ್ಯನವರ ಮನವಿಯನ್ನು ಪೂರ್ತಿ ಓದಿದರು.

"ಸರಿ, ಅವರು ಕರೆಯಲಿ. ನಾನೇ ಕೇಳುತ್ತೇನೆ. ಪಟ್ಟಿಯಲ್ಲಿ ಮೊದಲು ಯಾರಿದ್ದಾರೆ?"

ಮೊದಲು ಇದ್ದದ್ದು ಬೋನಾಳದ ಹಣಮಂತ್ರಾಯನ ಅರ್ಜಿಯೇ. ಅಮರಪ್ಪನವರು ಕೋಟಿನ ಗುಂಡಿ ಹಾಕಿಕೊಂಡರು.

ದೇವಕಮ್ಮ ಬಾಗಿಲಿಗೆ ಬಂದಳು. ಸೆರಗನ್ನು ಬಿಗಿಯಾಗಿ ಸುತ್ತಿ ಸಿಕ್ಕಿಸಿದಳು, ಕಾಲುವೆಯ ದಿಬ್ಬದ ಮೇಲೆ ಸಿಕ್ಕಿಸುತ್ತಿದ್ದಂತೆ. ಅಂಗಳದ ಕಡೆ ಮುಖ ಮಾಡಿ ಎದೆ ತುಂಬ ಉಸಿರು ತುಂಬಿಕೊಂಡು ಕೂಗಿದಳು:

"ಬೋನಾಳ ಕೆರಿಗಿ ಬಂದಾವ ಹಕ್ಕಿ ಏಳು ಸೀಮಿ ಹಾರಿ,
ಹಣಮಂತ್ರಾಯರು ಬರಬೇಕ್ರಿ ಕೋರ್ಟಿನ ಮೆಟ್ಟಲ ಏರಿ!"

ಬೇವಿನ ಮರದ ಗಿಳಿಗಳು ಎದ್ದವು. ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ಚನ್ನಯ್ಯನವರು ಎದ್ದು ನಿಂತರು. ಏನು ಆಕ್ಷೇಪಿಸಬೇಕೆಂದು ತಿಳಿಯದೆ ಕುಳಿತರು. ಹೆಸರನ್ನಂತೂ ಅವಳು ಹೇಳಿದ್ದಳು.

"ಎಡದಂಡಿ ಕಾಲುವ್ಯಾಗ ನೀರು ಬಿಟ್ಟಾರ, ಹೊಲದಾಗ ನಕ್ಕಾವ ಹಸರ,
ನ್ಯಾಯದ ಬಾಗಲಾಗ ನಿಂತು ಹೇಳತೀನಿ ಹಣಮಂತ್ರಾಯರ ಹೆಸರ!"

ಈ ಸಲ ನಗೆ ತಡೆಯಲಿಲ್ಲ. ಸ್ಥಳೀಯ ನ್ಯಾಯಾಧೀಶರು ಗಂಭೀರವಾಗಿ ಕಡತದೊಳಗೆ ಮುಖ ಹುದುಗಿಸಿದರು. ದೇವಕಮ್ಮ ಒಬ್ಬಳೇ ನಗದೆ ಮೂರನೆಯದಕ್ಕೆ ಉಸಿರೆಳೆದಳು:

"ಶಿರವಾಳ ಗುಡಿಯಾಗ ಕಲ್ಲಿನ ಕಂಬ, ಕಂಬಕ್ಕ ಕೆತ್ತ್ಯಾರ ಬಳ್ಳಿ,
ಮೂರನೇ ಸಲ ಕರದೀನಿ ಹಣಮಂತ್ರಾಯರ, ಬರದಿದ್ರ ಕೇಸಿಗಿ ಕೊಳ್ಳಿ!"

ಮೂವರು ಬಂದರು.

ಒಬ್ಬ ಮದೀನಾಬೀಯ ಅಂಗಡಿಯಿಂದ ಮೀಸೆಯ ಮೇಲಿನ ಚಹಾ ಒರೆಸಿಕೊಳ್ಳುತ್ತ ಬಂದ. ಇನ್ನೊಬ್ಬ ಎದುರಿನ ಕಚೇರಿಯಿಂದ ರಸ್ತೆ ದಾಟಿ ಓಡಿಬಂದ. ಮೂರನೆಯವನು ಮೊಣಕಾಲಿನವರೆಗೆ ಕಾಲುವೆಯ ಕೆಸರು ಮೆತ್ತಿಕೊಂಡು, ಚಪ್ಪಲಿಯನ್ನು ಮೆಟ್ಟಿಲಲ್ಲಿ ಬಿಟ್ಟು ಒಳಗೆ ಬಂದ.

"ನಿಮ್ಮಲ್ಲಿ ಅರ್ಜಿದಾರರು ಯಾರು?" ಎಂದು ಹಿರಿಯ ನ್ಯಾಯಾಧೀಶೆ ಕೇಳಿದರು.

ಚಹಾದ ಮೀಸೆಯವನು ಕೈಯೆತ್ತಿದ. ಎರಡನೆಯವನು ಕೈ ಮುಗಿದ: "ನಾ ವಡಗೇರಾದಾಂವರಿ. ನನ್ನ ತಾರೀಖು ಮುಂದಿನ ವಾರ ಅದ. ಕರದಂಗಾತು, ಎದಕ್ಕೂ ಇರಲಿ ಅಂತ ಬಂದೆ."

"ನಿಮ್ಮದು ಯಾವ ಕೇಸು?" ಎಂದು ಮೂರನೆಯವನನ್ನು ಕೇಳಿದರು.

"ನಂದು ಕೇಸಿಲ್ರಿ. ಹೆಸರು ಕರದ್ರು, ಬಂದೆ."

ನ್ಯಾಯಾಧೀಶೆ ಬಾಗಿಲ ಕಡೆ ತಿರುಗಿದರು. "ಇವರು ಯಾರಮ್ಮ?"

ಇಡೀ ಸಭಾಂಗಣ ಕಿವಿಯಾಯಿತು. ದೇವಕಮ್ಮ ನೆಲ ನೋಡಿದಳು. "ಮಾಳಮ್ಮನ ಅಪ್ಪರಿ."

ಹಿರಿಯ ನ್ಯಾಯಾಧೀಶೆ ಕನ್ನಡಕ ತೆಗೆದು ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿದರು. ಬಳಿಕ ಚಹಾದ ಮೀಸೆಯವನನ್ನು, ಕೇಸು ವಜಾ ಆದ ದಿನ ಎಲ್ಲಿದ್ದೆಯೆಂದು ಕೇಳಿದರು.

"ಇಲ್ಲೇ ಬೇವಿನ ಗಿಡದ ಕೆಳಗಿದ್ದೆರಿ. ಭೀಮಣ್ಣನ ಮಗಾ ಅಂತ ಅಕ್ಕಾರು ಕರದದ್ದೂ ಕೇಳಿಸಿತ್ತು. 'ನಾ ಬಂದು ಕರಿಯೂ ತನಕ ಏಳಬ್ಯಾಡ' ಅಂದಿದ್ರು ವಕೀಲ ಸಾಹೇಬ್ರು."

"ಅವರು ಎಲ್ಲಿದ್ದರು?"

"ಸೆಮಿಫೈನಲ್‌ದಾಗ ಇದ್ರು ಅನಸ್ತದರಿ."

ಅಮರಪ್ಪನವರು ಕೋಟಿನ ಗುಂಡಿ ಬಿಚ್ಚಿಕೊಂಡರು. ಕಕ್ಷಿದಾರನ ತಪ್ಪಿಲ್ಲವೆಂದು ಸ್ಥಳೀಯ ನ್ಯಾಯಾಧೀಶರು ದಾವೆಯನ್ನು ಮರಳಿ ಪಟ್ಟಿಗೆ ಸೇರಿಸಿದರು. ವಕೀಲರಿಗೆ ಹೇಳಬೇಕಾದ್ದನ್ನು ಕಣ್ಣಿನಲ್ಲೇ ಹೇಳಿದರು. ಹಿರಿಯ ನ್ಯಾಯಾಧೀಶೆ ಸಂಘದ ಮನವಿಯನ್ನು ಮಡಚಿ ಚನ್ನಯ್ಯನವರಿಗೆ ಹಿಂದಿರುಗಿಸಿದರು.

"ಅಧ್ಯಕ್ಷರೆ, ಇವರು ಕರೆದರೆ ಕೇಸಿಲ್ಲದವರೂ ಓಡಿಬರುತ್ತಾರೆ. ಬಾಗಿಲಿಗೆ ಇನ್ನೆಂಥವರು ಬೇಕು ನಿಮಗೆ? ಹೆಸರು ಕೂಗಬೇಕು ಎಂದು ನಿಯಮದಲ್ಲಿದೆ. ಹೆಸರಿನ ಹಿಂದೆ ಮುಂದೆ ಏನೂ ಇರಬಾರದು ಎಂದು ನಾನಂತೂ ಓದಿಲ್ಲ." ಆಮೇಲೆ ದೇವಕಮ್ಮನಿಗೆ, "ಸಾಲು ಸ್ವಲ್ಪ ಚಿಕ್ಕದಿರಲಿ," ಎಂದರು.

ಅಂದಿನ ಕಪ್ಪು ಹಲಗೆಯ ಮೇಲೆ ಕೋರ್ಟು ಸುದ್ದಿ ಒಂದೇ ಸಾಲಿನದಿತ್ತು: 'ಕೇಸು ಒಂದು, ಹಾಜರಾದವರು ಮೂವರು.' ಮುಂದಿನ ವಾರ ಸಂಘದ ಒಂಬತ್ತನೆಯ ಸಭೆ ಕೂಡಿ, ಒಡಪು ರಚನೆಗೆಂದೇ ಒಂದು ಉಪಸಮಿತಿಯನ್ನು ನೇಮಿಸಿತು. ಕೆಲಸವಿಲ್ಲದ ವಕೀಲರು ದಿನವೂ ಎರಡೆರಡು ಸಾಲು ಬರೆದು ತಂದು ದೇವಕಮ್ಮನ ಮುಂದೆ ನಿಲ್ಲುತ್ತಿದ್ದರು. ಅವಳು ಹೆಚ್ಚಿನವನ್ನು ವಾಪಸು ಮಾಡುತ್ತಿದ್ದಳು. ಚನ್ನಯ್ಯನವರ ಒಡಪು ಪ್ರಾಸ ಕೂಡಿಲ್ಲವೆಂದು ಎರಡು ಸಲ ತಿರಸ್ಕೃತವಾಯಿತು, ಮೇಲ್ಮನವಿಗೆ ಅವಕಾಶವಿರಲಿಲ್ಲ.

ಆದರೆ ಅದೆಲ್ಲ ಆಮೇಲಿನದು. ಆ ಗುರುವಾರ ಊಟದ ಬಿಡುವಿಗೆ ದೇವಕಮ್ಮ ಹೊರಗೆ ಬಂದಾಗ, ಹಣಮಂತ್ರಾಯ ಮದೀನಾಬೀಯ ಅಂಗಡಿಯ ಬೆಂಚಿನ ಮೇಲೆ ಕೆಸರಿನ ಕಾಲು ಚಾಚಿ ಕುಳಿತಿದ್ದ. ಅವಳು ನಡುವೆ ಒಂದು ಮೊಳ ಜಾಗ ಬಿಟ್ಟು ಅದೇ ಬೆಂಚಿನ ಮೇಲೆ ಕುಳಿತಳು.

"ಕಾಲುವಿ ಗೇಟು ಯಾರು ನೋಡಾಕತ್ಯಾರ?"

"ಇಳಿಸಿ ಬಂದೀನಿ."

"ಕೇಳಿಸಿತೇನು?"

"ಮೊದಲನೇದು ರಸ್ತೇದಾಗ ಕೇಳಿಸ್ತು. ಎರಡನೇದು ಈ ಗಿಡದ ಕೆಳಗ."

"ಮತ್ತ ಆವಾಗ ಬರಬೇಕಿಲ್ಲ? ಮೂರನೇದರ ತನಕ ಯಾಕ ನಿಂತ್ರಿ?"

ಹಣಮಂತ್ರಾಯ ಚಹಾದ ಕಪ್ಪನ್ನು ಅವಳ ಕಡೆಗೆ ಸರಿಸಿದ. "ಮೂರು ಸಲ ಕರಿಯೂದು ಕಾನೂನು ಅಲ್ಲೇನು? ಪೂರಾ ಕೇಳಬೇಕಂತ ನಿಂತೆ."