ಅಂಗಿ ಕಿಸೆಯ ತಾಮ್ರದ ವಾಶರ್

ನನ್ನ ಹೆಂಡತಿ ಬಟ್ಟೆ ನೆನೆಸುವ ಮೊದಲು ಕಿಸೆ ತಡಕುತ್ತಾಳೆ. ಗ್ಯಾರೇಜಿನವನ ಕಿಸೆಯಲ್ಲಿ ಏನಿರುತ್ತದೆ ಹೇಳಿ? ನಟ್ಟು, ಬೋಲ್ಟು, ಯಾರದೋ ಗಾಡಿಯ ಕೀಲಿ. ಇವತ್ತು ಬೆಳಿಗ್ಗೆ ಒಂದು ತಾಮ್ರದ ವಾಶರ್ ಎತ್ತಿ ಹಿಡಿದಳು.

"ಎರಡ ವರ್ಷ ಆತು, ಈ ಅಂಗಿಯಿಂದ ಆ ಅಂಗಿಗೆ ಹಾಕ್ಕೊಂತ ನಡದೀರಿ. ತಾಯತ ಏನ್ರಿ ಇದು? ಒಗದ ಬಿಡ್ಲೇನು?"

"ಕೊಡ ಇಲ್ಲೆ," ಎಂದು ಕಸಿದುಕೊಂಡೆ. ಕಸಿದ ರಭಸಕ್ಕೆ ಅವಳು ಬೆರಗಾದಳು. ಅವಳಿಗೂ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅಣ್ಣಿಗೇರಿಯ ಉಸ್ತಾದರ ಕೈಕೆಳಗೆ ಹನ್ನೆರಡು ವರ್ಷ ಡೀಸೆಲ್ ಕುಡಿದಿದ್ದೇನೆ. ಪೈಪಿಗೆ ಬಾಯಿ ಹಚ್ಚಿ ಎಳೆಯುವಾಗ ನಿಜವಾಗಿಯೂ ಕುಡಿದಿದ್ದೇನೆ. ಉಸ್ತಾದರು ಇಂಜಿನ್ ಬಿಚ್ಚುವ ಮೊದಲು ಬಾಜು ಒಂದು ಬಿಳಿ ಅರಿವೆ ಹಾಸುವರು. ಹೊರತೆಗೆದ ಹಳೆಯ ಸಾಮಾನೆಲ್ಲ ಅದರ ಮೇಲೆ ಸಾಲಾಗಿ ಕೂಡಬೇಕು. ಸಾಲು ಪೂರ್ತಿಯಾಗದೆ ಹೊಸ ಸಾಮಾನಿನ ಪೊಟ್ಟಣ ಒಡೆಯುವಂತಿಲ್ಲ. ನನಗೆ ನಾಲ್ಕು ಊರಿನಲ್ಲಿ ಹೆಸರು ಬಂದಮೇಲೆ ಅವರು ಕೊಟ್ಟಿದ್ದ ಆ ಅರಿವೆಯನ್ನು ಮಡಚಿ ಹೆಂಡತಿಯ ಕೈಗೆ ಕೊಟ್ಟೆ. ಅದು ಕಲಿಯುವವರ ಕೆಲಸ ಎನಿಸಿತ್ತು.

ಎರಡು ವರ್ಷದ ಹಿಂದೆ ಮೊರಬದ ಹೊಲವೊಂದರಲ್ಲಿ ಬಸಣ್ಣನ ಲಾರಿ ಹತ್ತಿ ತುಂಬಿಕೊಂಡು ನಿಂತುಬಿಟ್ಟಿತ್ತು. ಬಸಣ್ಣ ನನ್ನ ಹಳೆಯ ಗೆಳೆಯ, ತನ್ನ ಲಾರಿಯನ್ನು ತಾನೇ ಓಡಿಸುವವನು. ಆರು ಸಿಲಿಂಡರಿನ ಹಳೆಯ ಗಾಡಿ. ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ನಾಝಲ್ ಇರುತ್ತದಲ್ಲ, ಅದರಲ್ಲಿ ಮೂರನೆಯದು ಕೆಟ್ಟಿತ್ತು. ಹೊಲಕ್ಕೇ ಹೋಗಿ ಹೊಸದು ಕೂಡಿಸಿದೆ. ಚಾಲೂ ಮಾಡಿದರೆ ಮೊದಲಿಗಿಂತ ಕಡೆ! ಐದು ಸಲ ಸರಿಯಾಗಿ ಬಡಿದು ಆರನೆಯ ಬಡಿತಕ್ಕೆ ಎಡವುತ್ತಿತ್ತು. ಹಿಂದೆ ಬಿಳಿ ಹೊಗೆ.

ಪಡುವಣದಲ್ಲಿ ಮೋಡ ಕಪ್ಪಿಡುತ್ತಿತ್ತು. ಎರೆಮಣ್ಣಿನ ಸಂಗತಿ ನಿಮಗೆ ಗೊತ್ತೇ ಇದೆ. ಒಂದು ಜಡಿ ಮಳೆ ಬಿದ್ದರೆ ಸಾಕು, ಗಾಲಿ ಗೇಣುದ್ದ ಹೂತು ಎಂಟು ದಿನ ಕದಲುವುದಿಲ್ಲ. ಅಷ್ಟರಲ್ಲಿ ಹತ್ತಿ ಕಪ್ಪಾಗುತ್ತದೆ.

"ಮಿಸ್ತ್ರಿ, ಮ್ಯಾಲೆ ಮೋಡ ಒಂದಿಷ್ಟ ನೋಡ್ರಿ. ಏನ್ ತಪ್ಪೈತಿ ಇದರಾಗ?" ಎಂದಳು ಶಾಂತಕ್ಕ. ಹೊಲ ಆಕೆಯದು, ಹತ್ತಿ ಆಕೆಯದು, ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ.

"ನನ್ನ ಕೆಲಸದಾಗ ಏನೂ ಇಲ್ಲರಿ ಅಕ್ಕಾ. ಇವಾ ಎಲ್ಲೋ ನೀರ ಕೂಡಿದ ಡೀಸೆಲ್ ಹಾಕಿಸ್ಯಾನ."

"ಲೇ, ದಿನಾ ಹಾಕಸೂ ಬಂಕಿನಾಗ ಹಾಕಿಸೀನಲೇ!" ಎಂದ ಬಸಣ್ಣ.

"ನನ್ನ ಹತ್ತಿ ಹೇರುಮುಂದನ ಇಂಥಾದ್ ಮಾಡೂದೇನಲೇ ಬಸ್ಯಾ?" ಎಂದು ಆಕೆ ಅವನನ್ನೇ ನುಂಗುವಂತೆ ನೋಡಿದಳು.

ಪೈಪಿನಲ್ಲಿ ಗಾಳಿ ಇದ್ದೀತೆಂದು ಕೈಪಂಪು ಹೊಡೆದು ನೊರೆ ತೆಗೆದೆ. ಎಡವುವುದು ನಿಲ್ಲಲಿಲ್ಲ. ಇಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಝಲಿನ ಪೈಪನ್ನು ತುಸು ಸಡಿಲಿಸುತ್ತ ಬಂದೆ. ದುಡಿಯುವ ಸಿಲಿಂಡರಿನ ಡೀಸೆಲ್ ತಪ್ಪಿದರೆ ದನಿ ಕುಸಿಯುತ್ತದೆ. ಒಂದನೆಯದಕ್ಕೆ ಕುಸಿಯಿತು. ಎರಡನೆಯದಕ್ಕೂ ಕುಸಿಯಿತು. ಮೂರನೆಯದನ್ನು ಸಡಿಲಿಸಿದರೆ ಏನೂ ಆಗಲಿಲ್ಲ. ನಾನು ಆಗಷ್ಟೇ ಕೂಡಿಸಿದ್ದು. ಡೀಸೆಲ್ ಕೆಟ್ಟಿದ್ದರೆ ಆರೂ ಕೆಮ್ಮಬೇಕಿತ್ತು. ಗೊತ್ತಾಗಿಯೂ ಬಾಯಿ ಬಿಡಲಿಲ್ಲ.

"ನಮ್ಮನಿ ಕುಕ್ಕರೂ ಒಮ್ಮೆ ಹಿಂಗ ಫುಸ್ ಅಂತಿತ್ರಿ," ಶಾಂತಕ್ಕ ಸುಮ್ಮನಿರಲಿಲ್ಲ. "ನಮ್ಮ ಸೊಸಿ ಹಳೇ ರಬ್ಬರ್ ತಗೀದನ ಅದರ ಮ್ಯಾಲೆ ಹೊಸಾದು ಇಟ್ಟಿದ್ಲು, ಶಾಣೇಕಿ!"

ಕುಕ್ಕರಿಗೂ ಲಾರಿಗೂ ಏನು ಸಂಬಂಧ ಎಂದು ಗದರಲು ಬಾಯಿ ತೆರೆದವನು ಹಾಗೇ ನಿಂತೆ. ಕಾಲಬುಡದ ಮಣ್ಣಿನಲ್ಲಿ ಹಳೆಯ ನಾಝಲ್ ಬಿದ್ದಿತ್ತು. ಸೋರದಂತೆ ಅದರ ಮೂತಿಗೆ ಇರಬೇಕಾದ ತಾಮ್ರದ ವಾಶರ್ ಇರಲಿಲ್ಲ.

ಹೊಸ ನಾಝಲ್ ಬಿಚ್ಚಿ ತೂತಿಗೆ ಮೊಬೈಲಿನ ಬೆಳಕು ಹಿಡಿದೆ. ತಳದಲ್ಲಿ ಮಸಿ ಬಳಿದುಕೊಂಡು ಹಳೆಯ ವಾಶರ್ ಅಂಟಿ ಕೂತಿತ್ತು. ಅದರ ಮೇಲೆ ಹೊಸ ವಾಶರ್ ಕೂತು ನಾಝಲ್ ಬಿಗಿಯಾಗಿ ಕೂಡದೆ ಎದ್ದು ನಿಂತಿತ್ತು, ಅಷ್ಟೇ. ತಂತಿ ಬಗ್ಗಿಸಿ ಕೊಕ್ಕೆ ಮಾಡಿದೆ. ಎರಡು ಸಲ ಜಾರಿತು. ಮಳೆಯ ಮೊದಲ ಹನಿ ಕಾದ ಇಂಜಿನ್ನಿನ ಮೇಲೆ ಬಿದ್ದು ಚುಂಯ್ ಎಂದಿತು. ಮೂರನೆಯ ಸಲಕ್ಕೆ ಬಂತು.

"ಏನ್ ಸಿಕ್ತಲೇ?" ಬಸಣ್ಣ ಕ್ಯಾಬಿನ್ನಿನಿಂದ ಕೂಗಿದ.

"ಕಸಾ," ಎಂದು ಮುಷ್ಟಿಯನ್ನು ಕಿಸೆಗಿಳಿಸಿದೆ.

ನಾಝಲ್ ತಿರುಗಿ ಕೂಡಿಸಿದಮೇಲೆ ಆರೂ ಒಂದೇ ಸಮನೆ ಬಡಿದವು. ಮಳೆ ಹಿಡಿಯುವ ಮೊದಲು ಲಾರಿ ಡಾಂಬರು ರಸ್ತೆ ಹತ್ತಿತು. ಹೊರಡುವಾಗ ಬಸಣ್ಣ ಕಿಟಕಿಯಿಂದ ಬಗ್ಗಿ, "ತಪ್ಪಾತ್ರಿ ಅಕ್ಕಾ, ಇನ್ನ ಆ ಬಂಕಿಗೆ ಹೋಗಂಗಿಲ್ಲ," ಎಂದ. ನಾನು ನಟ್ಟು ಬಿಚ್ಚುವ ಪಾನಾ ಒರೆಸುತ್ತ ನಿಂತಿದ್ದೆ.

ಇವತ್ತು ಬೆಳಿಗ್ಗೆ ವಾಶರ್ ಹಿಡಿದೇ ಗ್ಯಾರೇಜಿಗೆ ಹೋದೆ. ಬಸಣ್ಣನ ಲಾರಿ ಆಯಿಲ್ ಬದಲಿಸಲು ಬಂದು ನಿಂತಿತ್ತು. ಅವನ ಅಂಗೈಯಲ್ಲಿ ವಾಶರ್ ಇಟ್ಟು ಎಲ್ಲ ಹೇಳಿದೆ. ಅದನ್ನು ಹೊರಳಿಸಿ ನೋಡಿದ.

"ಅವತ್ತಿನಿಂದ ಶಾಂತಕ್ಕ ನನ್ನ ಗಾಡಿಗೆ ಹತ್ತಿ ಹೇರಿಲ್ಲಲೇ."

"ಗೊತ್ತೈತಿ."

"ಗೊತ್ತಿದ್ದೂ ಸುಮ್ನಿದ್ದಿ?" ವಾಶರನ್ನು ನನ್ನ ಕೈಗೆ ತುರುಕಿದ. "ನನಗಷ್ಟ ಹೇಳಿದ್ರ ಏನ್ ಬಂತು? ಗಾಡಿ ಹತ್ತು. ಮೊರಬಕ್ಕ ಹೋಗೂಣು."

ಶಾಂತಕ್ಕನ ಬಾಗಿಲಿಗೆ ಮುಟ್ಟಿದಾಗ ಒಳಗೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. "ಏನ್ ಮಿಸ್ತ್ರಿ, ಈ ಕಡೆ?" ಎಂದಳು, ಬಸಣ್ಣನ ಕಡೆ ನೋಡಲಿಲ್ಲ. ನಾನು ಕೈ ಚಾಚಿದೆ.

"ಅಕ್ಕಾ, ನಿಮ್ಮ ಸೊಸಿ ಕುಕ್ಕರಿಗೆ ಮಾಡಿದ್ದನ್ನ ನಾ ಇವನ ಲಾರಿಗೆ ಮಾಡಿದ್ದೆ. ಡೀಸೆಲ್ ಚಲೋನ ಇತ್ತು."

ಆಕೆ ವಾಶರ್ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ, "ಬಸಣ್ಣಾ, ಒಳಗ ಬಾರಪಾ, ಚಾ ಮಾಡ್ತೀನಿ," ಎಂದಳು.

ನನ್ನನ್ನು ಕರೆಯಲಿಲ್ಲ. ವಾಶರ್ ಆಕೆಯ ಕೈಯಲ್ಲೇ ಉಳಿಯಿತು. ಹೊರಗಿನ ಕಟ್ಟೆಯ ಮೇಲೆ ಕುಳಿತೆ. ರೂಢಿಯಂತೆ ಕೈ ಕಿಸೆಗೆ ಹೋಗಿ ಬರಿದೇ ಬಂತು. ಮನೆಗೆ ಹೋದಮೇಲೆ ಹೆಂಡತಿಗೆ ಹೇಳಬೇಕು. ಉಸ್ತಾದರ ಆ ಬಿಳಿ ಅರಿವೆ ಎಲ್ಲಿಟ್ಟಿದ್ದಾಳೆಂದೂ ಕೇಳಬೇಕು.